ಎಚ್ಚರವಿದ್ದ ಭಾಗಮ್ಮ

ಗೋಣಿಬೀಡಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಭಾಗಮ್ಮನ ದಿನಸಿ ಅಂಗಡಿ. ಗಂಡ ತೀರಿಕೊಂಡಾಗ ಅಂಗಡಿಯೂ ಅವನ ಹಿಂದೆಯೇ ಹೋಗುತ್ತದೆಂದು ನಂಟರು ಅಂದುಕೊಂಡಿದ್ದರು. ಭಾಗಮ್ಮ ಮಣ್ಣು ಮಾಡಿ ಬಂದ ವಾರದೊಳಗೇ ಬಾಗಿಲ ಹಲಗೆಗಳನ್ನು ತೆಗೆದು ಗಲ್ಲಾಪೆಟ್ಟಿಗೆಯ ಮುಂದೆ ಕೂತಳು. ಅಕ್ಕಿ, ಬೆಲ್ಲ, ಹೊಗೆಸೊಪ್ಪು, ಸೀಮೆಎಣ್ಣೆ, ಮಳೆಗಾಲಕ್ಕೆ ಎಸ್ಟೇಟಿನ ಆಳುಗಳು ಹಾಕಿಕೊಳ್ಳುವ ಗಂಬೂಟು, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಅವಳ ಗಂಟಲು ದೊಡ್ಡದು. ಹೊರಟ ಬಸ್ಸನ್ನು ಅಂಗಡಿಯೊಳಗಿಂದಲೇ ಕೂಗಿ ನಿಲ್ಲಿಸಿ, ಓಡಿಬರುತ್ತಿದ್ದ ಬಸುರಿಯನ್ನೋ ಮುದುಕನನ್ನೋ ಹತ್ತಿಸಿದ ಹೆಂಗಸು ಅವಳು.

ಎಪ್ಪತ್ಮೂರನೇ ಇಸವಿಯ ಮುಂಗಾರಿನಲ್ಲಿ ಅವಳಿಗೆ ಅರವತ್ತು ದಾಟಿತ್ತು. ತೊಡೆಯ ಸಂದಿಯಲ್ಲಿ ಒಂದು ಗಂಟು ಎದ್ದು ಬಹಳ ಕಾಲವಾಗಿತ್ತು. ಒತ್ತಿದರೆ ಒಳಗೆ ಹೋಗುತ್ತಿತ್ತು, ಮೂಟೆ ಎಳೆದರೆ ಹೊರಗೆ ಬರುತ್ತಿತ್ತು. ಆ ಜಾಗದ ಮಾತನ್ನು ಮಗನ ಹತ್ತಿರ ಹೇಳುವುದು ಹೇಗೆ ಎಂದು ಸುಮ್ಮನಿದ್ದಳು. ಒಂದು ದಿನ ಗಂಟು ಒಳಗೆ ಹೋಗಲೇ ಇಲ್ಲ. ಹೊಟ್ಟೆ ಉಬ್ಬಿ, ತಿಂದದ್ದು ಕುಡಿದದ್ದೆಲ್ಲ ವಾಂತಿಯಾಗಿ, ಮಾರನೆಯ ದಿನ ಕಣ್ಣು ಗುಳಿಬಿದ್ದ ಮೇಲೆ ಮಗ ಲಿಂಗಪ್ಪ ಪಕ್ಕದ ಗ್ಯಾರೇಜಿನ ಪೀರ್ ಪಾಷಾನ ಜೀಪಿನಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟ. ಆಲ್ದೂರು ದಾಟುವಲ್ಲಿ ರಸ್ತೆಗೆ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸಿ ಚಿಕ್ಕಮಗಳೂರಿನ ಒಂದು ನರ್ಸಿಂಗ್ ಹೋಮು ಮುಟ್ಟುವ ಹೊತ್ತಿಗೆ ಅವಳ ನಾಡಿ ಕೈಗೆ ಸಿಗದಷ್ಟು ಸಣ್ಣಗಾಗಿತ್ತು. ಕರುಳು ಸಿಕ್ಕಿಹಾಕಿಕೊಂಡಿದೆ, ಈಗಲೇ ಕೊಯ್ಯಬೇಕು ಎಂದರು.

ಆಪರೇಷನ್ ಕೋಣೆಯಲ್ಲಿ ತಲೆಯ ಹಿಂದೆ ನಿಂತಿದ್ದ ಡಾಕ್ಟರ ಮುಖ ಅವಳಿಗೆ ತಲೆಕೆಳಗಾಗಿ ಕಂಡಿತು. ಕಪ್ಪು ರಬ್ಬರಿನ ಬಟ್ಟಲೊಂದನ್ನು ಮೂಗು ಬಾಯಿಗೆ ಒತ್ತಿ, "ಎಣಿಸ್ತಾ ಹೋಗಿ ಅಜ್ಜಿ, ನಿದ್ದೆ ಬರುತ್ತೆ" ಎಂದರು. ಭಾಗಮ್ಮ ಅಕ್ಕಿ ಅಳೆಯುವಾಗಿನಂತೆ ಒಂದರ ಬದಲು ಲಾಭವೆಂದು, "ಲಾಭ, ಎರಡು, ಮೂರು" ಎಂದು ಶುರುಮಾಡಿದಳು. ತೋಳಿಗೆ ಸೂಜಿ ಹೋಯಿತು. ಮಂಜಿನೊಳಗೆ ಇಳಿದಂತಾಯಿತು. ಆಮೇಲೆ ಚರ್ಮದಡಿಯಲ್ಲಿ ಇರುವೆಗೂಡು ಒಡೆದಂತೆ ಹುಬ್ಬು, ಕೆನ್ನೆ, ತೋಳು, ತೊಡೆಗಳೆಲ್ಲ ತಮ್ಮಷ್ಟಕ್ಕೆ ಅದುರಿದವು. ಅದುರು ನಿಂತಿತು. ಅದರ ಹಿಂದೆಯೇ ಮಂಜೂ ಹರಿಯಿತು.

ಭಾಗಮ್ಮ ಎಚ್ಚರವಾಗಿದ್ದಳು.

ಕಣ್ಣು ಬಿಡೋಣವೆಂದರೆ ರೆಪ್ಪೆ ಏಳಲಿಲ್ಲ. ಕೂಗೋಣವೆಂದರೆ ನಾಲಿಗೆ ಬಾಯಿಯೊಳಗೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಉಸಿರು ಎಳೆದುಕೊಳ್ಳಲು ಹೋದಳು, ಎದೆ ಕೇಳಲಿಲ್ಲ. ಕಿವಿ ಮಾತ್ರ ಎಂದಿಗಿಂತ ಚುರುಕಾಗಿತ್ತು. ತಣ್ಣನೆಯ ಕಬ್ಬಿಣವೊಂದು ನಾಲಿಗೆಯನ್ನು ಒತ್ತಿ ಗಂಟಲಿನೊಳಗೆ ಇಳಿಯಿತು. "ಮುದುಕಿಗೆ ಮೇಲೆ ಇರೋದೇ ಒಂದು ಹಲ್ಲು, ಅದೂ ಅಡ್ಡ ಬರ್ತಿದೆ" ಎಂದು ತಲೆಯ ಹಿಂದಿನ ದನಿ ಹೇಳಿತು. ಯಾರೋ ನಕ್ಕರು. ಹಲ್ಲು ಕಟಕ್ಕೆಂದಿತು. ಕೊಳವೆಯೊಂದು ಗಂಟಲನ್ನು ಸೀಳಿಕೊಂಡು ಉಸಿರಿನ ದಾರಿಯಲ್ಲಿ ಇಳಿಯಿತು. ಆ ಕ್ಷಣ ಅವಳ ಒಳಗಿದ್ದುದೆಲ್ಲ ಒಟ್ಟಿಗೆ ಎದ್ದು ಬಡಿದಾಡಿತು. ಹೊರಗೆ ಒಂದು ಬೆರಳೂ ಅಲುಗಲಿಲ್ಲ. ಮೇಲಿಂದ ಯಾರೋ ತಿದಿಯೊತ್ತಿದಂತೆ ಗಾಳಿ ನುಗ್ಗಿ ಎದೆ ತಾನಾಗಿ ಏರಿತು, ಇಳಿಯಿತು.

ಸತ್ತವರಿಗೆ ಹೀಗೆಯೇ ಆಗುತ್ತದೆ ಎಂದುಕೊಂಡಳು. ನಾನು ಸತ್ತಿದ್ದೇನೆ, ಇವರು ಇನ್ನೂ ನೋಡಿಲ್ಲ. ಇನ್ನು ವಿಭೂತಿ ಹಚ್ಚಿ, ಹೂವು ಹಾಕಿ, ಗಂಡನನ್ನು ಕೂರಿಸಿದಂತೆ ನನ್ನನ್ನೂ ಗುಣಿಯೊಳಗೆ ಕೂರಿಸುತ್ತಾರೆ. ಮಣ್ಣು ಬೀಳುವ ಸದ್ದು ನನಗೆ ಕೇಳುತ್ತಲೇ ಇರುತ್ತದೆ. ಆವತ್ತು ನನ್ನ ಗಂಡನಿಗೂ ಕೇಳಿತ್ತೇ?

ಹೊಟ್ಟೆಯ ಕೆಳಗೆ ತಣ್ಣನೆಯ ಸ್ಪಿರಿಟ್ಟು ಒರೆಸಿದರು. ಅದರ ಹಿಂದೆ ಬೆಂಕಿಯ ಗೆರೆ ಎಳೆದಂತಾಯಿತು. ಆಮೇಲೆ ಕೊಳವೆಯ ಗಾಳಿಯೊಡನೆ ಸಿಹಿಸಿಹಿಯಾದ ಘಾಟು ತಲೆಗೇರಿತು, ಕಿವಿ ಮುಚ್ಚಿತು.

ಕಣ್ಣು ಬಿಟ್ಟಾಗ ವಾರ್ಡಿನಲ್ಲಿದ್ದಳು. ಒನಕೆಯಲ್ಲಿ ಕುಟ್ಟಿದಂತೆ ಮೈಯೆಲ್ಲ ನೋವು. ಮೇಲಿನ ಹಲ್ಲು ಮುರಿದಿತ್ತು. ಗಂಟಲು ಬಿಟ್ಟ ಮೊದಲ ಗಳಿಗೆಯಲ್ಲೇ ಅವಳು ನರ್ಸಿಗೆ, "ನಾನು ಎಚ್ಚರ ಇದ್ದೆ ಕಣಮ್ಮ. ಹಲ್ಲು ಅಡ್ಡ ಬರುತ್ತೆ ಅಂದ್ರು, ಯಾರೋ ನಕ್ರು" ಎಂದಳು. ನರ್ಸಿನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. "ಮಲಗಿ ಅಜ್ಜಿ, ಮಾತಾಡಬೇಡಿ" ಎಂದು ಚಾದರ ಎಳೆದು ಹೊದಿಸಿದಳು. ಕೊಯ್ದ ಡಾಕ್ಟರು ನೋಡಲು ಬಂದಾಗ ಅವರಿಗೂ ಹೇಳಿದಳು. ಅವರು ನಾಡಿ ಹಿಡಿದುಕೊಂಡೇ, "ಔಷಧಿ ಕನಸು ತರಿಸುತ್ತೆ ಅಜ್ಜಿ. ಹೋಗೋ ಜೀವ ಉಳೀತು, ಅದನ್ನ ನೋಡಿ" ಎಂದರು.

ಲಿಂಗಪ್ಪನಿಗೆ ಹೇಳಿದಾಗ ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಜೀವ ಉಳಿಸಿದೋರ ಮೇಲೆ ದೂರು ಹೇಳಬಾರದು ಅವ್ವಾ. ಯಾರಾದ್ರೂ ಕೇಳಿಸ್ಕೊಂಡ್ರೆ ಎಂತ ಅಂದ್ಕೊಳ್ತಾರೆ?"

ಭಾಗಮ್ಮ ಬಾಯಿ ಮುಚ್ಚಿಕೊಂಡಳು.

ಊರಿಗೆ ಬಂದ ಮೇಲೆ ಗಾಯ ಚೆನ್ನಾಗಿಯೇ ಮಾಯಿತು. ಮಲಗುವುದು ಮಾತ್ರ ಆಗಲಿಲ್ಲ. ಬೆನ್ನು ನೆಲಕ್ಕೆ ತಾಗಿ, ಕಣ್ಣಿಗೆ ಜೊಂಪು ಹತ್ತಿ, ಕೈಕಾಲು ಸಡಿಲವಾಗುವ ಆ ಒಂದು ಹಂತಕ್ಕೆ ಬರುತ್ತಿದ್ದಂತೆ, ಇನ್ನು ಇವು ಅಲುಗುವುದಿಲ್ಲ ಎನಿಸಿ ಧಡಕ್ಕನೆ ಎದ್ದು ಕೂರುತ್ತಿದ್ದಳು. ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಕಡೆಗೆ ಅಕ್ಕಿಮೂಟೆಗೆ ಒರಗಿ ಕೂತೇ ನಿದ್ದೆ ಮಾಡುವುದು ರೂಢಿಯಾಯಿತು. ಕಂಬಳಿ ಹೊದೆಯುತ್ತಿರಲಿಲ್ಲ. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ರಬ್ಬರಿನ ವಾಸನೆ ತಡೆಯಲಾಗುತ್ತಿರಲಿಲ್ಲ. ಗಂಬೂಟುಗಳನ್ನೆಲ್ಲ ಬಂದ ಬೆಲೆಗೆ ಕೊಟ್ಟು ಮುಗಿಸಿದಳು, ಆಮೇಲೆ ತರಿಸಲೇ ಇಲ್ಲ. ಕೂಗುವುದೂ ನಿಂತುಹೋಯಿತು. ಗಂಟಲು ಸರಿಯಾಗಿಯೇ ಇತ್ತು. ಆದರೆ ಕೂಗಲು ಬಾಯಿ ತೆರೆದರೆ, ಕೂಗು ಬರದೇ ಹೋದರೆ ಎಂಬ ಭಯ ಮೊದಲೇ ಬಂದು ನಿಲ್ಲುತ್ತಿತ್ತು. ಎಷ್ಟೋ ಬಸ್ಸುಗಳು ಅವಳ ಕಣ್ಣೆದುರೇ ಜನರನ್ನು ಬಿಟ್ಟು ಹೋದವು.

ಲಿಂಗಪ್ಪ ಕೆಟ್ಟವನಲ್ಲ. ಗಾಳಿ ಸೋಕಿದೆಯೆಂದು ಯಾರೋ ಅಂದದ್ದಕ್ಕೆ ಮಠದಿಂದ ವಿಭೂತಿ ತಂದು ಹಚ್ಚಿದ, ತಾಯತ ಕಟ್ಟಿಸಿದ. ಕತ್ತಲಲ್ಲಿ ಅವ್ವ ಎದ್ದು ರಸ್ತೆಗೆ ಹೋಗುತ್ತಾಳೆಂದು ಸೊಸೆ ವಸಂತಮ್ಮ ಹೇಳಿದ ಮೇಲೆ ಒಮ್ಮೆ ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ್ದ. ಬೆಳಿಗ್ಗೆ ತೆಗೆದಾಗ ಅವಳ ಉಗುರುಗಳಲ್ಲಿ ಬಾಗಿಲಿನ ಬಣ್ಣ ತುಂಬಿತ್ತು. ಆಮೇಲೆ ಚಿಲಕ ಹಾಕಲಿಲ್ಲ. ಆದರೆ ಅಂಗಡಿಗೆ ಬಂದವರ ಮುಂದೆ ಅವ್ವನ ಮಾತಿಗೆ ಕಣ್ಣು ಮಿಟುಕಿಸಿ ನಗಲು ಕಲಿತ. ಭಾಗಮ್ಮ ಅದನ್ನು ನೋಡಿದ್ದಳು. ಹೇಳಿದರೆ ಹುಚ್ಚು, ಹೇಳದಿದ್ದರೆ ಉಸಿರುಗಟ್ಟು. ಹಾಗೆ ವರ್ಷಗಳು ಹೋದವು.

ಕೇಳಿದವಳು ಒಬ್ಬಳೇ, ಪೀರ್ ಪಾಷಾನ ಹೆಂಡತಿ ರೌಶನ್ ಬೀ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಗ್ಯಾರೇಜಿನ ಹಿಂಬಾಗಿಲಿಂದ ಬಂದು ಅಂಗಡಿಯಲ್ಲಿ ಕೂರುತ್ತಿದ್ದಳು. "ಆವತ್ತು ಆಸ್ಪತ್ರೇಲಿ ನಿನಗೆ ಎಂತದೋ ಆಗಿದೆ ಭಾಗಕ್ಕ. ಹೇಳು ಮಾರಾಯ್ತಿ" ಎಂದು ಒಂದು ದಿನ ಪಟ್ಟು ಹಿಡಿದಳು. ಭಾಗಮ್ಮ ಹೇಳಿದಳು. ರೌಶನ್ ಬೀ ನಿಜವೆನ್ನಲಿಲ್ಲ, ಸುಳ್ಳೆನ್ನಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡು, "ಆಲ್ದೂರಲ್ಲಿ ನಮ್ಮಕ್ಕ ಇದಾಳಲ್ಲ, ಅವಳ ಮಗಳು ಕುಲ್ಸುಮ್ ಡಾಕ್ಟ್ರಿಕೆ ಮುಗಿಸಿ ಮೈಸೂರಲ್ಲಿ ಇದೇ ಓದು ಓದ್ತಿದಾಳೆ, ನಿದ್ದೆ ಬರಿಸೋ ಓದು. ಸಿಕ್ಕಿದಾಗ ಕೇಳ್ತೀನಿ" ಎಂದಳು.

ಕೇಳುವ ಹೊತ್ತು ಎಂಬತ್ತನೇ ಇಸವಿಯ ಕೊನೆಗೆ ಬಂತು. ಕಾಫಿ ಕೊಯ್ಲು ಶುರುವಾಗಿತ್ತು. ಭಾಗಮ್ಮನಿಗೆ ಬಲಪಕ್ಕೆಯಲ್ಲಿ ನೋವು ಬರತೊಡಗಿ ವರ್ಷವಾಗುತ್ತಿತ್ತು. ಬಂದಾಗಲೆಲ್ಲ ತುಟಿ ಕಚ್ಚಿ, ಅಂಗಡಿಯ ಹಿಂದೆ ಹೋಗಿ ಮುದುಡಿ ಕೂತು, ಬಿಟ್ಟ ಮೇಲೆ ಬಂದು ತಕ್ಕಡಿ ಹಿಡಿಯುತ್ತಿದ್ದಳು. ಕಣ್ಣು ಅರಿಶಿನದಂತೆ ಆದ ದಿನ ಮುಚ್ಚಿಡಲಾಗಲಿಲ್ಲ. ಲಿಂಗಪ್ಪ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಪಿತ್ತಕೋಶದಲ್ಲಿ ಕಲ್ಲುಗಳಿವೆ, ಕಾಮಾಲೆ ಇಳಿದ ಮೇಲೆ ತೆಗೆಯಬೇಕು, ಬಿಟ್ಟರೆ ಒಳಗೆ ಕೀವಾಗಿ ಜೀವಕ್ಕೆ ಬರುತ್ತದೆ ಎಂದರು ಅಲ್ಲಿಯ ಸರ್ಜನ್ನು.

"ಬರಲಿ" ಎಂದಳು ಭಾಗಮ್ಮ. "ನಾನು ಆ ಕೋಣೆಯೊಳಗೆ ಕಾಲಿಡಲ್ಲ."

ಮನೆಗೆ ಬಂದು ಗಂಜಿ ಕುಡಿದುಕೊಂಡು ಕೂತಳು. ನೋವು ಬಂದಾಗ ಆಪರೇಷನ್ನಿಗೆ ಹೋಗಿಬಿಡೋಣ ಎನಿಸುತ್ತಿತ್ತು. ಹೋಗೋಣವೆಂದುಕೊಂಡೊಡನೆ ರೆಪ್ಪೆಗಳ ಮೇಲೆ ಆ ಭಾರ ಬಂದು ಕೂರುತ್ತಿತ್ತು. ಒಂದು ಕಡೆ ಗುಣಿ, ಇನ್ನೊಂದು ಕಡೆಯೂ ಗುಣಿ. ಲಿಂಗಪ್ಪ ಬೇಡಿದ, ಗದರಿದ, ಕಡೆಗೆ ಅತ್ತ. ಅವಳು ಜಗ್ಗಲಿಲ್ಲ.

ರೌಶನ್ ಬೀ ಮಾತ್ರ ಸುಮ್ಮನಿರದೆ ಒಂದು ಭಾನುವಾರ ಕುಲ್ಸುಮ್‌ಳನ್ನು ಅಂಗಡಿಗೇ ಕರೆದುಕೊಂಡು ಬಂದಳು. ಓದು ಮುಗಿಸಿ ಅದೇ ಜಿಲ್ಲಾ ಆಸ್ಪತ್ರೆಗೆ ಅರಿವಳಿಕೆ ಡಾಕ್ಟರಾಗಿ ಬಂದು ಅವಳಿಗೆ ಎರಡನೇ ವರ್ಷ. ಸಣಕಲು ಹುಡುಗಿ, ದಪ್ಪ ಕನ್ನಡಕ. ಮೂಟೆಯ ಮೇಲೇ ಕೂತು, "ಚಿಕ್ಕಮ್ಮ ಎಲ್ಲ ಹೇಳಿದಾರೆ. ಆದ್ರೂ ನಿಮ್ಮ ಬಾಯಲ್ಲೇ ಕೇಳಬೇಕು ಅಮ್ಮ" ಎಂದಳು.

ಭಾಗಮ್ಮ ಮೊದಲು ಒಲ್ಲೆನೆಂದಳು, ಆಮೇಲೆ ಹೇಳಿದಳು. ಕುಲ್ಸುಮ್ ನಡುವೆ ಒಂದೆರಡು ಸಲ ಮಾತ್ರ ಬಾಯಿಬಿಟ್ಟಳು. "ಮೈ ಅದುರಿದ್ದು ಮೊದಲೋ, ಎಚ್ಚರ ಆಗಿದ್ದು ಮೊದಲೋ?" ಎಂದು ಒಮ್ಮೆ. "ಮಾರನೇ ದಿನ ಮೈಯೆಲ್ಲ ಹೊಡೆದ ಹಾಗೆ ನೋವಿತ್ತಾ?" ಎಂದು ಇನ್ನೊಮ್ಮೆ.

"ಇತ್ತು. ಕುಟ್ಟಿದ ಹಾಗೆ."

"ಅದು ಕನಸಲ್ಲ ಅಮ್ಮ. ನೀವು ಎಚ್ಚರವಾಗೇ ಇದ್ರಿ."

ಭಾಗಮ್ಮ ಉಪ್ಪು ಕೇಳಲು ಬಂದವನೊಬ್ಬನನ್ನು ಕೈಬೀಸಿ ಕಳಿಸಿದಳು. ನೆಮ್ಮದಿಯಾಗುತ್ತದೆಂದು ರೌಶನ್ ಬೀ ಅಂದುಕೊಂಡಿದ್ದಳು, ಆದದ್ದು ಸಿಟ್ಟು. "ಏಳು ವರ್ಷ" ಎಂದಳು ಭಾಗಮ್ಮ. "ಇದನ್ನ ಹೇಳೋಕೆ ಯಾರಿಗೂ ಬಾಯಿ ಇರಲಿಲ್ವಾ?"

"ನಿದ್ದೆ ಔಷಧಿ ಬೇರೆ, ಮೈ ಸಡಿಲ ಮಾಡೋ ಔಷಧಿ ಬೇರೆ" ಎಂದು ಕುಲ್ಸುಮ್ ನಿಧಾನವಾಗಿ ಹೇಳಿದಳು. "ಗಂಟಲು, ದವಡೆ ಸಡಿಲ ಆಗದೆ ಕೊಳವೆ ಇಳಿಸೋಕಾಗಲ್ಲ. ಅದಕ್ಕೆ ಸ್ಕೋಲಿನ್ ಅಂತ ಒಂದು ಕೊಡ್ತೀವಿ. ಅದು ಮೊದಲು ಮೈ ಅದುರಿಸಿ, ಆಮೇಲೆ ಕೈಕಾಲು, ಉಸಿರು ಎಲ್ಲ ನಿಲ್ಲಿಸುತ್ತೆ, ನಿದ್ದೆ ತರಿಸಲ್ಲ. ಮಾರನೇ ದಿನದ ಮೈನೋವೂ ಅದರದ್ದೇ. ನಿದ್ದೆಗೆ ಪೆಂಟೊಥಾಲ್. ವಯಸ್ಸಾದೋರಿಗೆ ಅದು ಸ್ವಲ್ಪ ಹೆಚ್ಚಾದ್ರೂ ರಕ್ತದ ಒತ್ತಡ ಕುಸಿದು ಹೃದಯ ನಿಂತುಬಿಡಬಹುದು. ಆವತ್ತು ನೀವು ವಾಂತಿಯಾಗಿ ಬತ್ತಿಹೋಗಿದ್ರಿ. ಎಲ್ಲಿ ಜೀವ ಹೋಗುತ್ತೋ ಅಂತ ಆ ಡಾಕ್ಟ್ರು ಹೆದರಿ ನಿದ್ದೆ ಔಷಧಿ ತೀರಾ ಕಡಿಮೆ ಕೊಟ್ಟಿರಬೇಕು. ಹೆದರಿದ್ದು ತಪ್ಪಲ್ಲ. ನೀವು ನಿದ್ದೆ ಹೋದ್ರೋ ಇಲ್ವೋ ನೋಡದೆ ಇನ್ನೊಂದನ್ನ ಕೊಟ್ಟಿದ್ದು ತಪ್ಪು."

"ಈಗಲೂ ನಾನು ಮುದುಕೀನೇ ಅಲ್ವಾ? ಇನ್ನೂ ಮುದುಕಿ."

"ಹೌದು. ಈಗಲೂ ಅದೇ ಇಕ್ಕಟ್ಟು" ಎಂದು ಕುಲ್ಸುಮ್ ಒಪ್ಪಿಕೊಂಡಳು. "ಹೆಚ್ಚು ಕೊಟ್ರೆ ಎದೆಗೆ ಅಪಾಯ, ಕಡಿಮೆ ಕೊಟ್ರೆ ಎಚ್ಚರ. ಒಂದೇ ಔಷಧಿ ನೆಚ್ಚಿಕೊಳ್ಳದೆ ಎಲ್ಲಾನೂ ಸ್ವಲ್ಪ ಸ್ವಲ್ಪ ಕೊಡ್ತೀನಿ. ಮೊದಲು ನೋವಿಗೆ ಪೆಥಿಡಿನ್, ಆಮೇಲೆ ಮಂಪರಿಗೆ ಒಂದು. ನಿದ್ದೆ ಔಷಧಿ ತೊಟ್ಟು ತೊಟ್ಟಾಗಿ, ರೆಪ್ಪೆ ಮುಟ್ಟಿ ನೋಡ್ತಾ. ಗಂಟಲಿಗೆ ಜೋಮು ಬರೋ ಔಷಧಿ ಸಿಂಪಡಿಸ್ತೀನಿ, ಕೊಳವೆ ಇಳಿಯುವಾಗ ಮೈ ತಡಬಡಿಸಬಾರದು ಅಂತ. ಇನ್ನೊಂದು ದಾರಿನೂ ಇದೆ. ನಿದ್ದೆನೇ ಬರಿಸದೆ, ಬರೀ ಗಂಟಲಿಗೆ ಜೋಮು ಹಿಡಿಸಿ, ನೀವು ಎಚ್ಚರ ಇರುವಾಗಲೇ ಕೊಳವೆ ಇಳಿಸಿ, ಆಮೇಲೆ ನಿದ್ದೆ ಕೊಡೋದು. ಕೈಕಾಲು ನಿಮ್ಮ ಸ್ವಾಧೀನದಲ್ಲೇ ಇರುತ್ತೆ. ಯಾವುದು ಬೇಕು, ನೀವೇ ಹೇಳಿ."

ಯಾವುದು ಬೇಕೆಂದು ಆಸ್ಪತ್ರೆಯವರು ಅವಳನ್ನು ಕೇಳಿದ್ದೇ ಅದು ಮೊದಲು. ಭಾಗಮ್ಮ ಯೋಚಿಸಿದಳು. ಆ ಕಬ್ಬಿಣವನ್ನು ತಿಳಿದೂ ತಿಳಿದೂ ಬಾಯಿಗೆ ತೆಗೆದುಕೊಳ್ಳುವುದು ತನ್ನಿಂದಾಗದು. "ನಿದ್ದೇನೇ ಕೊಡಿ. ಆದ್ರೆ ನಡುವೆ ಎಚ್ಚರ ಆಯ್ತು ಅಂತ ಇಟ್ಕೊಳ್ಳಿ. ನಿಮಗೆ ಹೆಂಗೆ ಗೊತ್ತಾಗುತ್ತೆ?"

ಕುಲ್ಸುಮ್ ಅವಳ ಬಲತೋಳನ್ನು ಮೊಣಕೈಯ ಕೆಳಗೆ ಹಿಡಿದಳು. "ಬಿಪಿ ನೋಡೋ ಪಟ್ಟಿಯನ್ನ ಇಲ್ಲಿ ಬಿಗಿಯಾಗಿ ಕಟ್ಟಿ ಗಾಳಿ ತುಂಬ್ತೀನಿ. ಸ್ಕೋಲಿನ್ ಎಡಗೈಗೆ. ಪಟ್ಟಿ ದಾಟಿ ರಕ್ತ ಈ ಕಡೆ ಬರಲ್ಲ, ಔಷಧೀನೂ ಬರಲ್ಲ. ಮೈಯೆಲ್ಲ ಬಿದ್ದುಹೋದ್ರೂ ಈ ಹಸ್ತ ನಿಮ್ಮದಾಗೇ ಇರುತ್ತೆ. ನಾನು ಹಿಡ್ಕೊಂಡಿರ್ತೀನಿ. ಎಚ್ಚರ ಆದ್ರೆ ಅದುಮಿ. ಹೊರದೇಶದ ಡಾಕ್ಟ್ರೊಬ್ರು ಮಾಡಿದ್ದು, ಓದಿದೀನಿ. ನಾನೇ ಮಾಡ್ತಿರೋದು ಇದು ಮೊದಲ ಸಲ."

"ಎಚ್ಚರ ಆಗೋದೇ ಇಲ್ಲ ಅಂತ ಮಾತು ಕೊಡ್ತೀರಾ?"

"ಮಾತು ಕೊಡೋಕಾಗಲ್ಲ ಅಮ್ಮ."

ಆ ಉತ್ತರ ಕೇಳಿಯೇ ಭಾಗಮ್ಮ ಒಪ್ಪಿದ್ದು. ಕೊಡುತ್ತೇನೆ ಎಂದಿದ್ದರೆ ಎದ್ದು ಹೋಗುತ್ತಿದ್ದೆ ಎಂದು ಆಮೇಲೆ ರೌಶನ್ ಬೀಗೆ ಹೇಳಿದಳು.

ಆಪರೇಷನ್ ದಿನ ಬೆಳಿಗ್ಗೆ ಗಾಲಿ ಮಂಚದ ಮೇಲೆ ಅವಳನ್ನು ತಳ್ಳಿಕೊಂಡು ಹೋದರು. ಬಾಗಿಲು ಎರಡೂ ಕಡೆಯಿಂದ ಬಂದು ಮುಚ್ಚಿಕೊಂಡ ಸದ್ದಿಗೆ ಅವಳ ಮೈ ಬೆವರಿತು. ಇಳಿಸಿ, ಮನೆಗೆ ಹೋಗುತ್ತೇನೆ ಎಂದು ಹೇಳಬೇಕೆಂದುಕೊಂಡಳು. ಪಕ್ಕೆಯ ನೋವು ನೆನಪಾಗಿ ಮಾತು ನಿಂತಿತು. ರಬ್ಬರಿನ ವಾಸನೆ ಬಂತು. ಕುಲ್ಸುಮ್ ಬಟ್ಟಲನ್ನು ಮುಖಕ್ಕೆ ಒತ್ತದೆ, ಗಾಳಿಯ ನಳಿಗೆಯನ್ನು ತನ್ನ ಅಂಗೈಯಲ್ಲಿ ಹಿಡಿದು ಅವಳ ಮೂಗಿನ ಹತ್ತಿರ ಇಟ್ಟಳು. ಬಲತೋಳಿಗೆ ಪಟ್ಟಿ ಬಿಗಿಯಿತು; ಬೆರಳತುದಿಗಳು ದಪ್ಪಗಾದಂತೆ, ಜುಮುಗುಟ್ಟಿದಂತೆ ಆಯಿತು.

"ಅದುಮಿ ನೋಡೋಣ."

ಅದುಮಿದಳು.

"ಇನ್ನೂ ಜೋರಾಗಿ."

ಇದ್ದ ಬಲವನ್ನೆಲ್ಲ ಹಾಕಿದಳು. "ಅಬ್ಬಾ, ಮೂಟೆ ಎತ್ತಿದ ಕೈ" ಎಂದು ಕುಲ್ಸುಮ್ ನಕ್ಕದ್ದು ಕೇಳಿತು. ಎಡಗೈಯಲ್ಲಿ ತಣ್ಣನೆಯದೇನೋ ಹರಿಯಿತು. ಮಂಜು ಇಳಿಯತೊಡಗಿದಾಗ ಅವಳ ಹೆದರಿಕೆ ಕಡಿಮೆಯೇನೂ ಆಗಿರಲಿಲ್ಲ. ಹಿಡಿದ ಕೈಯೊಂದನ್ನು ಬಿಟ್ಟು ಬೇರೆಲ್ಲವೂ ಮುಳುಗಿದವು.

ಎದ್ದಾಗ ಮಧ್ಯಾಹ್ನದ ಬಿಸಿಲು ವಾರ್ಡಿನ ನೆಲದ ಮೇಲಿತ್ತು. ಪಕ್ಕೆ ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಅವಳು ಮೊದಲು ಒಳಗೆಲ್ಲ ಹುಡುಕಿದಳು: ಕಬ್ಬಿಣವಿಲ್ಲ, ಮಾತುಗಳಿಲ್ಲ, ಬೆಂಕಿಯ ಗೆರೆಯಿಲ್ಲ. ಮಂಜು, ಆಮೇಲೆ ಬಿಸಿಲು, ಅಷ್ಟೇ. ಸಂಜೆಯ ಮುಂಚೆ ಕುಲ್ಸುಮ್ ಬಂದಳು. ಮಂಚದ ಆ ಕಡೆ ಲಿಂಗಪ್ಪ ನಿಂತಿದ್ದ.

"ಏನಾದ್ರೂ ನೆನಪಿದೆಯಾ ಅಮ್ಮ?"

"ಎಂತದೂ ಇಲ್ಲ. ಚೆನ್ನಾಗಿ ನಿದ್ದೆ ಮಾಡಿದೆ."

ಹೇಳಬೇಕೋ ಬೇಡವೋ ಎಂದು ಕುಲ್ಸುಮ್ ಅಳೆಯುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. "ನಿಮಗೆ ಸುಳ್ಳು ಹೇಳಲ್ಲ. ರೆಪ್ಪೆ ಮುಟ್ಟಿದ್ರೆ ಅಲುಗಲಿಲ್ಲ, ನಿದ್ದೆ ಹೋದ್ರಿ ಅಂತ ಸ್ಕೋಲಿನ್ ಕೊಟ್ಟೆ. ಕೊಳವೆ ಇಳಿಸೋ ಮುಂಚೆ ನಿಮ್ಮ ಕಿವೀಲಿ, ಭಾಗಮ್ಮ, ಎಚ್ಚರ ಇದ್ರೆ ಕೈ ಅದುಮಿ ಅಂದೆ. ಅದುಮಿದ್ರಿ."

"ನಾನಾ?"

"ನೀವೇ. ಗಟ್ಟಿಯಾಗಿ. ತಕ್ಷಣ ಇನ್ನಷ್ಟು ನಿದ್ದೆ ಔಷಧಿ ಕೊಟ್ಟೆ. ಒತ್ತಡ ಇಳೀತು, ಸ್ವಲ್ಪ ಹೊತ್ತು ನಮಗೆಲ್ಲ ಗಾಬರಿನೇ ಆಯ್ತು, ಆಮೇಲೆ ಸರಿಹೋಯ್ತು. ಮತ್ತೆ ಕೇಳಿದೆ, ನಿಮ್ಮ ಕೈ ಬಿಟ್ಟುಹೋಗಿತ್ತು. ಆಗ ಕೊಳವೆ ಇಳಿಸಿದೆ."

ಭಾಗಮ್ಮ ಚಾದರದ ಮೇಲಿದ್ದ ತನ್ನ ಬಲಗೈಯನ್ನು ನೋಡಿದಳು. ಪಟ್ಟಿ ಬಿಗಿದ ಜಾಗದಲ್ಲಿ ಕೆಂಪು ಬಳೆಯಂತೆ ಗುರುತಿತ್ತು. ಅದುಮಿದವಳು ತಾನೇ, ಆದರೆ ಅವಳ ಗುರುತು ತನಗಿಲ್ಲ. ಒಳಗೆ ಇನ್ನೊಬ್ಬಳು ಎಚ್ಚರವಾಗಿದ್ದು ಕರೆದಿದ್ದಾಳೆ. "ಕರೆದಿದ್ದು ನಿಮಗೆ ಕೇಳಿಸ್ತಲ್ಲ" ಎಂದಳು.

"ಕೇಳಿಸ್ತು."

ಲಿಂಗಪ್ಪ ಮಂಚದ ಕಂಬಿ ಹಿಡಿದುಕೊಂಡ. ಕುಲ್ಸುಮ್ ಹೊರಗೆ ಹೋಗುವಾಗ ಅವಳ ಹಿಂದೆಯೇ ಹೋಗಿ, "ಹಾಗಾದ್ರೆ ಆವತ್ತು ಅವ್ವ ಹೇಳಿದ್ದು..." ಎಂದು ಕೇಳಿದ್ದು, ಅವಳು ಹೌದೆಂದದ್ದು, ಬಾಗಿಲಿನಾಚೆಯಿಂದ ಭಾಗಮ್ಮನಿಗೆ ಕೇಳಿತು.

ಮನೆಗೆ ಕಳಿಸಿದ ದಿನ ಪೀರ್ ಪಾಷಾ ಜೀಪು ತಂದಿದ್ದ. ಪೇಟೆ ದಾಟುವಾಗ ಆ ಹಳೆಯ ನರ್ಸಿಂಗ್ ಹೋಮಿನ ಮುಂದೆ ನಿಲ್ಲಿಸಲು ಭಾಗಮ್ಮ ಹೇಳಿದಳು. ಲಿಂಗಪ್ಪ ಬೇಡವೆನ್ನಲಿಲ್ಲ, ತೋಳು ಕೊಟ್ಟು ಇಳಿಸಿದ. ಆವತ್ತು ಕೊಯ್ದ ಡಾಕ್ಟರು ಒಳಗಿದ್ದರು. ತಲೆ ಪೂರ್ತಿ ನೆರೆತಿತ್ತು. ಅವರಿಗೆ ಇವಳ ಗುರುತಾಗಲಿಲ್ಲ.

"ಎಪ್ಪತ್ಮೂರರಲ್ಲಿ ನೀವೇ ನನ್ನ ಕರುಳು ಬಿಡಿಸಿ ಜೀವ ಉಳಿಸಿದ್ರಿ" ಎಂದಳು ಭಾಗಮ್ಮ. "ಆವತ್ತು ಮಲಗಿಸಿದಾಗ ನಾನು ಎಚ್ಚರ ಇದ್ದೆ."

"ಇರಬಹುದು ಅಜ್ಜಿ, ಎಷ್ಟೋ ವರ್ಷದ ಮಾತು" ಎಂದರು ಅವರು.

"ಇರಬಹುದು ಅಲ್ಲ ಸ್ವಾಮಿ. ಇದ್ದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರಿನ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. "ಔಷಧಿ ಕೊಟ್ಟೋರು ಈಗಿಲ್ಲ, ತೀರಿಹೋದ್ರು" ಎಂದರು ಸಣ್ಣ ದನಿಯಲ್ಲಿ. "ನೀವು ಹೇಳಿದ್ದನ್ನ ನಾನು ಆಗಲೇ ನಂಬಬೇಕಿತ್ತು." ಭಾಗಮ್ಮ ಕೈಮುಗಿದು ಹೊರಗೆ ಬಂದಳು. ಹಗುರವಾಗುತ್ತದೆಂದು ಬಂದಿದ್ದಳು. ಅಷ್ಟೇನೂ ಆಗಲಿಲ್ಲ.

ಜೀಪು ಆಲ್ದೂರಿನ ದಾರಿ ಹಿಡಿಯಿತು. ಇಕ್ಕೆಲದ ಕಣಗಳಲ್ಲಿ ಒಣಗಲು ಕಾಫಿ ಹರಡಿ ಆಳುಗಳು ಕಾಲಲ್ಲಿ ಸಾಲು ಎಳೆಯುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ಲಿಂಗಪ್ಪ ತಿರುಗದೆಯೇ ಕೇಳಿದ. "ಅವ್ವಾ, ಆವತ್ತು ಒಳಗೆ ಎಂತಾಯ್ತು?"

"ಈಗ ಯಾಕೆ?"

"ಹೇಳು."

ಅವಳು ಶುರುಮಾಡಿದಳು. ತಲೆಕೆಳಗಾಗಿ ಕಂಡ ಮುಖ, ಅದುರಿದ ಮೈ, ಹಲ್ಲಿನ ಮಾತು, ನಗು. ಆಲ್ದೂರಿನಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಗಂಡನ ಗುಣಿಯ ಮಾತಿಗೆ ಬಂದಿದ್ದಳು. ಯಾರೂ ಇಳಿಯಲಿಲ್ಲ. ಲಿಂಗಪ್ಪನ ಭುಜ ಅಲುಗುತ್ತಿದ್ದದ್ದು ಕಂಡರೂ ಅವಳು ನಿಲ್ಲಿಸಲಿಲ್ಲ, ಅವನನ್ನು ಸಮಾಧಾನ ಮಾಡಲೂ ಇಲ್ಲ. ಅವನು ಕೇಳಲಿ ಎಂದೇ ಇತ್ತು ಅವಳಿಗೆ, ಪೂರ್ತಿ ಕೇಳಲಿ. ಮೂಡಿಗೆರೆ ದಾಟಿದರೂ ಮಾತು ಮುಗಿದಿರಲಿಲ್ಲ. ಗೋಣಿಬೀಡಿನ ಮನೆಗಳು ಕಾಣತೊಡಗಿದಾಗ ಲಿಂಗಪ್ಪ ಪೀರ್ ಪಾಷಾನ ಕಡೆಗೆ ಕೈಯಾಡಿಸಿ, "ನಿಧಾನ ಹೋಗು ಮಾರಾಯ" ಎಂದ. ಜೀಪು ಮೆಲ್ಲಗಾಯಿತು. ಭಾಗಮ್ಮ ಹೇಳುತ್ತಲೇ ಇದ್ದಳು.